ಮೈಸೂರಲ್ಲಿ ಮಾಲ್ ಹಳೆಯದಾದರೆ ಖಾಲಿ ಹೊಡೆಯುತ್ತದೆ, ದೇವರಾಜ ಮಾರುಕಟ್ಟೆ ಮಾತ್ರ ಯಾಕೆ ತುಂಬಿರುತ್ತದೆ?

ಎಲ್ಲರೂ ಆನ್‌ಲೈನ್ ಅಂಗಡಿಗಳನ್ನೇ ಬೈಯುತ್ತಾರೆ. ಅದು ಅರ್ಧ ನಿಜ. ಸಂಜೆ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಗಳ ಮುಂದೆ ಈಗಲೂ ಜನ ಇರುತ್ತಾರೆ, ಅಲ್ವಾ?

ಮಾಲ್ ನಿಂತಿರುವುದು ಒಂದೆರಡು ದೊಡ್ಡ ಮಳಿಗೆಗಳ ಮೇಲೆ: ಸಿನಿಮಾ ಹಾಲ್, ಸೂಪರ್‌ಮಾರ್ಕೆಟ್, ಹೀಗೆ. ಜನ ಬರುವುದು ಅವಕ್ಕಾಗಿ. ಸಣ್ಣ ಅಂಗಡಿಗೆ ಹೋಗ್ತಾ ಬರ್ತಾ ಇಣುಕುತ್ತಾರೆ, ಅಷ್ಟೆ. ಅದಕ್ಕೇ ಸಾಮಾನ್ಯವಾಗಿ ದೊಡ್ಡವರಿಗೆ ಚದರಡಿ ಬಾಡಿಗೆ ಕಡಿಮೆ, ಸಣ್ಣವರಿಗೆ ಜಾಸ್ತಿ. ದೊಡ್ಡ ಮಳಿಗೆ ಹೊಸ ಮಾಲ್‌ಗೆ ಎದ್ದು ಹೋದರೆ ಸಣ್ಣವರ ವ್ಯಾಪಾರವೂ ಬಿದ್ದು ಹೋಗುತ್ತದೆ.

ಬಾಡಿಗೆಯ ಮೇಲೆ ಮೇಂಟೆನೆನ್ಸ್ ಬೇರೆ. ಎಸಿ, ಲಿಫ್ಟ್, ಸೆಕ್ಯುರಿಟಿ. ಅರ್ಧ ಅಂಗಡಿ ಮುಚ್ಚಿದರೂ ಈ ಖರ್ಚು ಅರ್ಧ ಆಗುವುದಿಲ್ಲ. ಉಳಿದವರು ಹೊರಬೇಕು, ಇಲ್ಲವೇ ಎಸ್ಕಲೇಟರ್ ನಿಲ್ಲಿಸಬೇಕು. ಎಸ್ಕಲೇಟರ್ ನಿಂತಿತೋ, ಮೇಲಿನ ಮಹಡಿ ಮುಗಿದ ಹಾಗೆಯೇ. ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿದ್ದರಂತೂ ಕೇಳಲೇ ಬೇಡಿ. ಹತ್ತಾರು ಮಾಲೀಕರು, ರಿಪೇರಿಗೆ ಕೈಯಿಂದ ದುಡ್ಡು ಬಿಚ್ಚುವವರು ಯಾರೂ ಇಲ್ಲ.

ದೇವರಾಜ ಮಾರುಕಟ್ಟೆಗೆ ನೂರು ವರ್ಷ ದಾಟಿದೆ. 2016ರಲ್ಲಿ ಅದರ ಒಂದು ಭಾಗ ಕುಸಿದೇ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟ್‌ವರೆಗೂ ಹೋಯಿತು. ಜನ ಮಾತ್ರ ಬಿಡಲಿಲ್ಲ. ಅಲ್ಲಿ ಎಸಿಯ ಖರ್ಚಿಲ್ಲ, ಒಂದು ದೊಡ್ಡ ಮಳಿಗೆಯನ್ನೇ ನಂಬಿಕೊಂಡೂ ಇಲ್ಲ. ಶರ್ಟು ವರ್ಷಕ್ಕೆ ನಾಲ್ಕು ಸಾಕು. ಹೂವು, ವೀಳ್ಯದೆಲೆ, ಬಾಳೆಹಣ್ಣು ಹಾಗಲ್ಲ. ಗೌರಿ ಹಬ್ಬದ ಹಿಂದಿನ ದಿನ ಒಮ್ಮೆ ಸುಮ್ನೆ ಒಳಗೆ ಹೋಗಿ ನೋಡಿ, ಕಾಲಿಡಲು ಜಾಗ ಸಿಕ್ಕರೆ.