ಮೆಗ್ನೀಸಿಯಂ ಮಿಶ್ರಲೋಹಕ್ಕೆ ಬಲವೂ ಬೇಕು, ಬಾಗಲೂ ಬೇಕು. ಏನು ಬೆರೆಸಬೇಕು?

ಪುಣೆಯ ಭೋಸರಿಯಲ್ಲಿ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬುವ ಕೆಲಸ) ಮಾಡುವ ನಮಗೆ ಇದು ದಿನದ ತಲೆನೋವು. ಎಝಡ್91 ಎಂಬ ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಸುಮಾರು 9% ಅಲ್ಯೂಮಿನಿಯಂ, 1% ಸತು. ಬಲವೇನೋ ಬರುತ್ತದೆ, ಆದರೆ ಹರಳುಗಳ ಅಂಚಿನಲ್ಲಿ ಪೆಡಸು ಸಂಯುಕ್ತ ಕೂರುತ್ತದೆ. ವೈಸಿಗೆ ಸಿಕ್ಕಿಸಿ ಬಗ್ಗಿಸಿದರೆ ತುಸು ಬಾಗಿ ಚಟ್ಟನೆ ಮುರಿಯುತ್ತದೆ. ಅಲ್ಯೂಮಿನಿಯಂ 6%ಗೆ ಇಳಿಸಿದ ಎಎಂ60 ಹೆಚ್ಚು ಬಾಗುತ್ತದೆ, ಸ್ಟೀರಿಂಗಿನ ಒಳಚೌಕಟ್ಟಿಗೆ ಅದೇ ಸರಿ.

ಶೀಟ್ ಆದರೆ ಕಥೆ ಬೇರೆ. ಮೆಗ್ನೀಸಿಯಂನ ಷಟ್ಕೋನ ಹರಳು ತಣ್ಣಗಿರುವಾಗ ಮುಖ್ಯವಾಗಿ ಒಂದೇ ಸಮತಲದಲ್ಲಿ, ಪದರದ ಮೇಲೆ ಪದರ ಸರಿದಂತೆ, ಜಾರುತ್ತದೆ. ರೋಲಿಂಗ್ ಮಾಡಿದರೆ ಹರಳುಗಳೆಲ್ಲ ಇಸ್ಪೀಟೆಲೆಗಳಂತೆ ಚಪ್ಪಟೆ ಮಲಗಿಬಿಡುತ್ತವೆ, ಶೀಟ್ ಸುಲಭವಾಗಿ ಬಾಗುವುದಿಲ್ಲ. ಚಿಟಿಕೆ ಕ್ಯಾಲ್ಸಿಯಂ, ಯಿಟ್ರಿಯಂ ಅಥವಾ ಸೀರಿಯಂ ಆ ಶಿಸ್ತನ್ನು ಕೆಡಿಸುತ್ತದೆ. ನಮಗೆ ಬೇಕಿರುವುದೂ ಅದೇ. ಜಿರ್ಕೋನಿಯಂ ಹರಳನ್ನು ಸಣ್ಣದಾಗಿಸುತ್ತದೆ, ಅಲ್ಯೂಮಿನಿಯಂ ಇರುವ ಮಿಶ್ರಲೋಹಕ್ಕೆ ಮಾತ್ರ ಹಾಕಬೇಡಿ: ಅವೆರಡೇ ಕೂಡಿಕೊಂಡು ದುಡ್ಡು ದಂಡ.