ಯಜಮಾನರಿಗೆ ಹೊಟ್ಟೆಯ ನಳಿಗೆ ಹಾಕಿಸಬೇಕೇ?

ಪಾರ್ಶ್ವವಾಯುವಾಗಿ ಮೂರು ವಾರ, ಮೂಗಿನ ನಳಿಗೆಯಲ್ಲೇ ಊಟ, ಈಗ ಹೊಟ್ಟೆಯ ಚರ್ಮದ ಮೂಲಕ ನೇರ ಜಠರಕ್ಕೆ ಊಟದ ನಳಿಗೆ ಹಾಕಿಸಿ ಅನ್ನುತ್ತಿದ್ದಾರೆ, ಒಪ್ಪಲೇ ಎಂದು ಡೊಂಬಿವಲಿಯಿಂದ ಕೇಳಿದ್ದೀರಿ.

ಅಕ್ಕಾ, ಮೊದಲು ಡಾಕ್ಟರನ್ನು ಕೇಳಬೇಕಾದದ್ದು ಒಂದೇ: ನುಂಗುವ ಶಕ್ತಿ ಮರಳುವ ಸಾಧ್ಯತೆ ಇದೆಯೇ? ಇದ್ದರೆ ಹಾಕಿಸಿ, ಹೆದರಬೇಡಿ. ನಳಿಗೆಯ ಊಟ 4 ವಾರಕ್ಕಿಂತ ಹೆಚ್ಚು ಬೇಕಾದೀತು ಅನ್ನಿಸಿದಾಗ ಸಾಮಾನ್ಯವಾಗಿ ಹೊಟ್ಟೆಯ ನಳಿಗೆಯನ್ನೇ ಸೂಚಿಸುತ್ತಾರೆ. ಮೂಗು, ಗಂಟಲಿನ ಕಿರಿಕಿರಿ ತಪ್ಪುತ್ತದೆ. ನುಂಗಲು ಬಂದ ಮೇಲೆ ತೆಗೆಯಲೂಬಹುದು. ಆದರೆ ಎಂಜಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವ ಭಯ ಪೂರ್ತಿ ಹೋಗುವುದಿಲ್ಲ.

ನುಂಗುವ ಪರೀಕ್ಷೆಯಲ್ಲಿ ನೀವು ಪಕ್ಕದಲ್ಲೇ ಇರಿ. ಆಸ್ಪತ್ರೆಯವರು ಮರಾಠಿ, ಹಿಂದಿಯಲ್ಲಿ ಹೇಳಿದ್ದು ಯಜಮಾನರಿಗೆ ಈಗ ತಿಳಿಯದೇ ಹೋಗಬಹುದು. ಕನ್ನಡದಲ್ಲಿ ‘ನುಂಗ್ರೀ’ ಅನ್ನಿ.

ಮುಂದುವರಿದ ಮರೆವಿನ ಕಾಯಿಲೆಯಾಗಿದ್ದರೆ ಬೇಡ ಅನ್ನುತ್ತಿದ್ದೆ. ಅಲ್ಲಿ ನಳಿಗೆಯಿಂದ ಆಯುಷ್ಯ ಹೆಚ್ಚಿದ್ದು ಕಂಡಿಲ್ಲ, ಚಮಚದಲ್ಲಿ ಉಣಿಸಿದಷ್ಟು ಸಾಕು. ಕೊನೆಗಾಲದ ದೇಹಕ್ಕೆ ಹಸಿವೇ ಕಡಿಮೆ. ‘ಉಪವಾಸ ಕೆಡವಿದೆ’ ಎಂಬ ಪಾಪಭೀತಿ ಬೇಡ.

ಇಂಥ ಚಿಕಿತ್ಸೆ ಬೇಕು, ಬೇಡ ಎಂದು ಯಜಮಾನರು ಹಿಂದೆ ಏನಾದರೂ ಹೇಳಿದ್ದರೇ? ಅದನ್ನು ಮಕ್ಕಳ ಎದುರೇ ಡಾಕ್ಟರಿಗೆ ತಿಳಿಸಿ. ಬರೆದಿಟ್ಟಿದ್ದರೆ ಪತ್ರವನ್ನೂ ತೋರಿಸಿ: ಇಂಥ ಮುಂಗಡ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ.