ಬೋಸ್ನಿಯಾ ಯುದ್ಧದ ಹತ್ಯೆಗಳಿಗೆ ಧರ್ಮ ಕಾರಣವೋ, ಜನಾಂಗ ದ್ವೇಷವೋ? ಎಂ.ಎ. ಡಿಸರ್ಟೇಶನ್‌ಗೆ ಯಾವುದನ್ನು ಹಿಡಿಯಲಿ?

ಇದೇ ವಿಷಯ ಹಿಡಿದು ನಾನು ಒಂದು ವರ್ಷ ಕಳೆದುಕೊಂಡೆ.

ನಮ್ಮೂರು ವಿರಾಜಪೇಟೆ ಹತ್ತಿರ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಬರೆದು ಮುಗಿಸಿದ್ದೆ. ಅಲ್ಲಿ ಕಾದಾಡಿದ ಮೂರು ಪಂಗಡಗಳಲ್ಲಿ ಸರ್ಬರು ಆರ್ಥೊಡಾಕ್ಸ್ ಕ್ರೈಸ್ತರು, ಕ್ರೊವೇಟರು ಕ್ಯಾಥೊಲಿಕ್, ಬೋಸ್ನಿಯಾಕರು ಮುಸ್ಲಿಮರು. ಮೂವರ ಮಾತೂ ಹೆಚ್ಚುಕಡಿಮೆ ಒಂದೇ. ಅಂದಮೇಲೆ ಜಗಳ ಧರ್ಮದ್ದೇ ಅಲ್ವಾ ಅಂದುಕೊಂಡೆ.

ತಪ್ಪಾಗಿದ್ದು ಒಂದು ಪಟ್ಟಿಯಲ್ಲಿ. 1991ರ ಜನಗಣತಿಯದು. ಮುಸ್ಲಿಮರು ಶೇ. 43.5, ಸರ್ಬರು 31.2, ಕ್ರೊವೇಟರು 17.4. ಅದರ ಕೆಳಗೆ ಇನ್ನೊಂದು ಸಾಲಿತ್ತು. ಈ ಮೂರೂ ಬೇಡವೆಂದು ‘ಯುಗೊಸ್ಲಾವ್’ (ಬೋಸ್ನಿಯಾ ಆಗ ಯುಗೊಸ್ಲಾವಿಯಾ ದೇಶದ ಭಾಗ) ಅಂತ ಬರೆಸಿದವರು, ಶೇ. 5.5. ಎರಡು ಲಕ್ಷಕ್ಕೂ ಜಾಸ್ತಿ ಜನ. ಬೇರೆ ಪಂಗಡದಲ್ಲಿ ಮದುವೆಯಾದವರು, ಅವರ ಮಕ್ಕಳು ಅದರಲ್ಲಿ ತುಂಬಾ ಇದ್ದರು. ಪಟ್ಟಿ ಒಂದೇ ಪುಟದಲ್ಲಿ ಹಿಡಿಯಲಿ ಅಂತ ಆ ಸಾಲಿನ ಮೇಲೆ ಪೆನ್ಸಿಲ್ ಗೀಟು ಎಳೆದು, ಅವರನ್ನು ‘ಇತರೆ’ಗೆ ಸೇರಿಸಿಬಿಟ್ಟೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಮೇಡಂ ಅದೇ ಪುಟ ತೆಗೆದರು. “ಈ ಎರಡು ಲಕ್ಷ ಜನ ಎಲ್ಲಿ ಹೋದರಪ್ಪಾ?” ನಾನು ಸುಮ್ನೆ ಕೂತೆ. “ನಿಮ್ಮ ಕಡೆ ಕೊಡವ ಮಾಪಿಳ್ಳೆಯವರು ಇದ್ದಾರಲ್ಲ, ಅವರನ್ನು ಯಾವ ಸಾಲಿಗೆ ಹಾಕ್ತೀಯ?”

ನಮ್ಮ ಪಕ್ಕದ ಮನೆಯವರೇ ಅವರು. ಮನೆಯಲ್ಲಿ ಕೊಡವ ತಕ್ಕ್, ಹೆಸರಿಗೆ ಕೊಡವ ಮನೆತನದ ಹೆಸರು, ಶುಕ್ರವಾರ ಮಸೀದಿ. ನಾನು ಆಡಿ ಬೆಳೆದದ್ದು ಅವರ ಕಾಫಿ ಕಣದಲ್ಲಿ. ಬಾಯಿ ಕಟ್ಟಿಹೋಯಿತು. ಡಿಸರ್ಟೇಶನ್ ವಾಪಸ್ ಬಂತು.

ಯುದ್ಧ ಶುರುವಾದ ಮೇಲೆ ಅಲ್ಲಿ ‘ನಾನು ಯುಗೊಸ್ಲಾವ್’ ಅಂದರೆ ನಡೆಯುತ್ತಿರಲಿಲ್ಲ. ಹೆಸರು, ಅಪ್ಪನ ಹೆಸರು ನೋಡಿ ಯಾವ ಕಡೆಯವನೆಂದು ಬಂದೂಕು ಹಿಡಿದವರೇ ತೀರ್ಮಾನಿಸುತ್ತಿದ್ದರು. ನನ್ನ ಪೆನ್ಸಿಲ್ ಮಾಡಿದ್ದೂ ಅದನ್ನೇ.

ಹಾಗಾಗಿ ಧರ್ಮವೋ ಜನಾಂಗವೋ ಎಂಬ ಪ್ರಶ್ನೆಯನ್ನೇ ಬಿಡಿ. ಅಲ್ಲಿ ಧರ್ಮವೇ ಜನಾಂಗದ ಗುರುತು. ಧರ್ಮವೊಂದೇ ಕಾರಣವಾಗಿದ್ದರೆ ಬಿಹಾಚ್ ಕಡೆಯ ಮುಸ್ಲಿಂ ನಾಯಕ ಫಿಕ್ರೆತ್ ಅಬ್ದಿಚ್, ಸರ್ಬರ ಜೊತೆ ಸೇರಿ, ಮುಸ್ಲಿಮರೇ ಮುಂದಿದ್ದ ಸರಯೇವೊ ಸರ್ಕಾರದ ಮೇಲೆ ಯಾಕೆ ಯುದ್ಧ ಮಾಡುತ್ತಿದ್ದ? ಹಾಗಂತ ಧರ್ಮಕ್ಕೆ ಸಂಬಂಧವೇ ಇಲ್ಲ ಅಂತಲೂ ಬರೆಯಬೇಡಿ. 1993ರಲ್ಲಿ, ಸರ್ಬರ ಹಿಡಿತದಲ್ಲಿದ್ದ ಬಾನ್ಯಾ ಲೂಕಾದ ಹಳೆಯ ಫೆರ್ಹಾದಿಯಾ ಮಸೀದಿಯನ್ನು ಉಡಾಯಿಸಿದಾಗ ಆ ಊರಲ್ಲಿ ಕಾಳಗವೇ ನಡೆಯುತ್ತಿರಲಿಲ್ಲ.

‘ಇತರೆ’ಯಿಂದ ಶುರುಮಾಡಿ. ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಜೊತೆ ಬಂದ ಸಂವಿಧಾನದಲ್ಲಿ, ಮೂವರ ಅಧ್ಯಕ್ಷ ಮಂಡಳಿಗೆ ಆ ಮೂರು ಪಂಗಡದವರು ಮಾತ್ರ ನಿಲ್ಲಬಹುದು. ರೋಮಾ ಸಮುದಾಯದ ಸೆಯ್ದಿಚ್, ಯಹೂದಿ ಫಿನ್ಸಿ ಇಬ್ಬರೂ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಗೆದ್ದರು. ನನ್ನ ಎರಡನೇ ಡಿಸರ್ಟೇಶನ್‌ನ ಮೊದಲ ಪುಟ ಆ ತೀರ್ಪೇ.